ಎಡಗಡೆಯೋ, ಬಲಗಡೆಯೋ? ಕೇಳಿ ಕೂರಿ

ವಿಮಾನ ಹತ್ತಿದಾಗ ನೀವು ಕೂತದ್ದೆಲ್ಲಿ? ಮೂರು ಸೀಟಿನ ಸಾಲಲ್ಲಿ ಕಿಟಕಿ ಮಗನಿಗೆ, ಕಾಲು ಚಾಚೋಕೆ ಅನುಕೂಲ ಅಂತ ಓಡಾಡೋ ಜಾಗದ ಪಕ್ಕದ್ದು ಯಜಮಾನರಿಗೆ, ನಡುವಿನದು ನಿಮಗೆ. ಸರಿ ತಾನೆ? ನಮ್ಮನೆಯಲ್ಲೂ ಅದೇ ಕಥೆ. ಆದರೆ ಈ ಸಲ ನಡುವಿನ ಸೀಟಿಗೆ ಬಂದವರು ನಮ್ಮತ್ತೆ.

ನಮ್ಮದು ಶಿರಾ ತಾಲ್ಲೂಕಿನ ಮದಲೂರು. ನಾದಿನಿಯ ಮಗುವಿನ ನಾಮಕರಣಕ್ಕೆ ಮುಂಬೈಗೆ ಹೊರಟಿದ್ದೆವು. ಅತ್ತೆಗೆ ಅದೇ ಮೊದಲ ವಿಮಾನ. ಹಿಂದಿನ ದಿನ ಚಕ್ಲಿ ಡಬ್ಬಕ್ಕೆ ತುಂಬುತ್ತಾ ಅವರು ಕೇಳಿದ್ದು ಒಂದೇ ಮಾತು, "ಮೇಲಿಂದ ನಮ್ ಕೆರೆ ಕಾಣುತ್ತೇನಮ್ಮ?" ಹೇಮಾವತಿ ನೀರಿಗಾಗಿ ವರ್ಷಗಟ್ಟಲೆ ಬಾಯಿಬಿಟ್ಟುಕೊಂಡು ಕಾದ ಕೆರೆ ಅದು. 2020ರ ಶಿರಾ ಉಪಚುನಾವಣೆಯಲ್ಲಿ ಅದೇ ದೊಡ್ಡ ಮಾತಾಗಿತ್ತು. ಒಣಗಿದ ಕೆರೆ ನೋಡುತ್ತಲೇ ತಲೆ ನೆರೆತ ಹೆಂಗಸಿಗೆ, ನೀರು ನಿಂತದ್ದನ್ನು ಆಕಾಶದಿಂದ ನೋಡೋ ಆಸೆ. "ಕಾಣುತ್ತೆ ಬಿಡಿ ಅತ್ತೆ" ಅಂದುಬಿಟ್ಟೆ. ಯಾವ ಕಡೆ ಅಂತ ಯೋಚಿಸಲೇ ಇಲ್ಲ.

ಸೀಟು ಸಿಕ್ಕಿದ್ದು ಬಲಗಡೆ, ರೆಕ್ಕೆಯ ಪಕ್ಕ. ಬೆಳಗಿನ ಬಿಸಿಲು ಕಣ್ಣಿಗೆ ಬೀಳುತ್ತೆ ಅಂತ ಮಗ ಕಿಟಕಿ ಮುಚ್ಚಿ ಮೊಬೈಲ್ ಹಿಡಿದ. ಅತ್ತೆ ತುಟಿ ಬಿಚ್ಚಲಿಲ್ಲ. ಮುಂಬೈಯಲ್ಲಿ ಇಳಿಯುವಾಗ, "ಬಸ್ಸಿನಾಗಾದ್ರೆ ಹೊಲಾನಾದ್ರೂ ಕಾಣ್ತಿತ್ತು" ಅಂದರು. ನನಗೆ ಹೊಟ್ಟೆಯಲ್ಲಿ ಚುರುಕ್ ಅಂತು.

ಅವತ್ತು ರಾತ್ರಿ ಭೂಪಟ ತೆಗೆದು ನೋಡಿದೆ. ಬೆಂಗಳೂರಿನಿಂದ ಮುಂಬೈ ಇರೋದು ವಾಯವ್ಯಕ್ಕೆ. ದೇವನಹಳ್ಳಿಯಿಂದ ಮುಂಬೈಗೆ ಗೆರೆ ಎಳೆದರೆ ಶಿರಾ ಎಡಗಡೆ ಉಳಿಯುತ್ತೆ. ಹೋಗುವಾಗ ಎಡ, ಬರುವಾಗ ಬಲ. ಇಷ್ಟೇ ಲೆಕ್ಕ! ಸೂರ್ಯ ಹುಟ್ಟೋ ಕಡೆ ಮುಖ ಮಾಡಿ ನಿಂತರೆ ಎಡಗೈ ಉತ್ತರ, ಬಲಗೈ ದಕ್ಷಿಣ ಅಂತ ಮೇಷ್ಟ್ರು ಹೇಳಿಕೊಟ್ಟದ್ದು ನೆನಪಿದ್ದರೆ ಸಾಕು.

ದೆಹಲಿ ನಮಗೆ ಹೆಚ್ಚೂಕಮ್ಮಿ ನೇರ ಉತ್ತರ. ಹೋಗುವಾಗ ಬೆಳಗಿನ ಬಿಸಿಲು ಬಲಕ್ಕೆ, ಸಂಜೆಯದು ಎಡಕ್ಕೆ. ಪಾವಗಡದ ತಿರುಮಣಿ ಸುತ್ತಮುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಹಾಸಿರೋ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ನೋಡಬೇಕಾ? ಎಡಗಡೆ ಕೂರಿ. ದೆಹಲಿಯಿಂದ ಬಾಗ್‌ಡೋಗ್ರಾಕ್ಕೆ ಹೋಗುವವರಿಗೆ ಹಿಮಾಲಯವೂ ಎಡಗಡೆಯೇ. ನಂದಿ ಬೆಟ್ಟ ಬೆಂಗಳೂರು ವಿಮಾನ ನಿಲ್ದಾಣದ ಉತ್ತರಕ್ಕಿದೆ. ವಿಮಾನ ಪಶ್ಚಿಮಕ್ಕೆ ಮುಖ ಮಾಡಿ ಹಾರಿದರೆ ಅದು ಬಲಕ್ಕೆ, ಪೂರ್ವಕ್ಕಾದರೆ ಎಡಕ್ಕೆ. ಅದನ್ನು ನಿರ್ಧರಿಸೋದು ಗಾಳಿ.

ಮೂರು ಮೂರು ಸೀಟಿನ ವಿಮಾನದಲ್ಲಿ 'ಎ' ಅಂದರೆ ಎಡ ಕಿಟಕಿ, 'ಎಫ್' ಅಂದರೆ ಬಲ ಕಿಟಕಿ. ನಡುಭಾಗದಲ್ಲಿ ರೆಕ್ಕೆ ಅಡ್ಡ ಬರುತ್ತೆ. ಮುಂದೆ ಕೂರಿ, ಇಲ್ಲವೇ ತೀರಾ ಹಿಂದೆ. ಚಿಕ್ಕ ಎಟಿಆರ್ ವಿಮಾನವಾದರೆ ರೆಕ್ಕೆ ಕಿಟಕಿಗಿಂತ ಮೇಲಿರುತ್ತೆ, ನೆಲ ನೋಡೋಕೆ ಅಡ್ಡಿಯಿಲ್ಲ. ಬೇಕಾದ ಸೀಟಿಗೆ ಕೆಲವೊಮ್ಮೆ ಹೆಚ್ಚಿಗೆ ದುಡ್ಡು ಕೇಳ್ತಾರೆ, ನಿಜ. ಆದರೆ ಮನೆಯವರ ನಡುವೆ ಸೀಟು ಬದಲಾಯಿಸಿಕೊಳ್ಳೋಕೆ ಯಾವ ದುಡ್ಡು ಬೇಕು ಹೇಳಿ?

ಬರುವಾಗ ಬಲಗಡೆ ಕಿಟಕಿ ಕೇಳಿ ತಗೊಂಡೆ, ಅತ್ತೆಗೆ. ಮಗ ಮುಖ ಊದಿಸಿಕೊಂಡ, ಊದಿಸಿಕೊಳ್ಳಲಿ. ಬೆಳಗಿನ ವಿಮಾನ, ಬಿಸಿಲೆಲ್ಲ ಎಡಗಡೆಯವರಿಗೆ. ಇನ್ನೇನು ಬೆಂಗಳೂರು ಹತ್ತಿರ ಬಂತು ಅನ್ನುವಾಗ ದೂರದಲ್ಲಿ ಎರಡು ಮೂರು ಕೆರೆ ತಟ್ಟೆಯ ಹಾಗೆ ಹೊಳೆದವು. ಅತ್ತೆ ಗಾಜಿಗೆ ಹಣೆ ಒತ್ತಿ, "ಅಗೋ, ಅದೇ ನಮ್ದು. ನೀರೈತೆ ಕಣಮ್ಮ" ಅಂದರು. ಅದು ಮದಲೂರು ಕೆರೆಯೋ, ಬೇರೆಯದೋ? ನಾನು ವಾದ ಮಾಡಲಿಲ್ಲ.

ಬಿಟ್ಟುಕೊಡೋದೇ ಒಳ್ಳೆಯತನ ಅಂತ ನಾವು ಅಂದುಕೊಂಡುಬಿಟ್ಟಿದ್ದೇವೆ. ಮಕ್ಕಳು ಜೀವನದಲ್ಲಿ ನೂರು ಸಲ ಹಾರುತ್ತವೆ. ಅಮ್ಮ, ಅತ್ತೆ ಹಾರೋದು ಒಂದೋ ಎರಡೋ ಸಲ. ನಾವಾದರೂ ಎಷ್ಟು ಸಲ? ಟಿಕೆಟ್ ಮಾಡುವಾಗಲೇ ಬಾಯಿಬಿಟ್ಟು ಹೇಳಿ, ಕಿಟಕಿ ಬೇಕು, ಇಂಥ ಕಡೆಯದೇ ಬೇಕು ಅಂತ.

ಅಂದ ಹಾಗೆ, ಬರುವಾಗ ನಡುವಿನ ಸೀಟಿನಲ್ಲಿ ಕೂತವಳು ನಾನೇ. ಮುಂದಿನ ಸಲ ಕಿಟಕಿ ನನ್ನದು. ಮನೆಯಲ್ಲಿ ಈಗಲೇ ಹೇಳಿಟ್ಟಿದ್ದೇನೆ!