ಹೆಸರು ತಿರುಗುಮುರುಗು, ನಂಬರು ಮಾತ್ರ ನೆಟ್ಟಗೆ!

ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕಳಿಸಿರುವ ಪ್ರಶ್ನೆ ಒಂದೇ ಸಾಲಿನದು: 'ಆಂಬುಲೆನ್ಸ್‌ನ ಮುಂಭಾಗದಲ್ಲಿ ಅದರ ಹೆಸರನ್ನು ಉಲ್ಟಾ ಬರೆದಿರುತ್ತಾರಲ್ಲ, ಅದರ ನಂಬರನ್ನು ಮಾತ್ರ ಏಕೆ ನೇರವಾಗಿ ಬರೆಯುತ್ತಾರೆ?' ಹೆಸರು ಉಲ್ಟಾ ಏಕೆ ಎಂದು ಕೇಳುವವರು ಬಹಳ ಮಂದಿ. ಸಾಮಾನ್ಯ ಜ್ಞಾನದ ಎಲ್ಲ ಪುಸ್ತಕಗಳಲ್ಲೂ ಅದಕ್ಕೆ ಉತ್ತರವಿದೆ. ನಂಬರು ನೆಟ್ಟಗೆ ಏಕೆ ಎಂಬ ಪ್ರಶ್ನೆ ಮಾತ್ರ ಯಾವ ಪುಸ್ತಕದಲ್ಲೂ ಕಂಡ ನೆನಪಿಲ್ಲ. ಈ ಹುಡುಗಿಗೆ ಶಹಭಾಸ್ ಎನ್ನಲೇಬೇಕು.

ಗೊತ್ತಿರುವುದರಿಂದಲೇ ಶುರು ಮಾಡೋಣ. ಆಂಬುಲೆನ್ಸ್‌ನ ಮುಂದೆ ಹೋಗುತ್ತಿರುವ ಕಾರಿನ ಚಾಲಕ ಹಿಂದಿರುಗಿ ನೋಡುವುದಿಲ್ಲ, ಕನ್ನಡಿಯಲ್ಲಿ ನೋಡುತ್ತಾನೆ. ಕನ್ನಡಿಯಲ್ಲಿ ಎಡ ಬಲಗಳು ಅದಲು ಬದಲಾಗಿ ಕಾಣುತ್ತವೆ. ಮೊದಲೇ ಅದಲು ಬದಲು ಮಾಡಿ ಬರೆದಿಟ್ಟರೆ ಕನ್ನಡಿಯಲ್ಲಿ ಅದು ಸರಿಯಾಗಿ ಕಾಣುತ್ತದೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಒಂಬತ್ತು ಅಕ್ಷರ. ಅವುಗಳಲ್ಲಿ ಎ, ಎಂ, ಯು, ಮತ್ತೆ ಇನ್ನೊಂದು ಎ, ಈ ನಾಲ್ಕಕ್ಕೆ ಕನ್ನಡಿಯಿಂದ ಏನೂ ಆಗುವುದಿಲ್ಲ. ಎಡಭಾಗ ಬಲಭಾಗ ಒಂದೇ ಥರ. ತಿರುಗಿಸಿ ಬರೆಯಬೇಕಾದವು ಬಿ, ಎಲ್, ಎನ್, ಸಿ, ಇ ಎಂಬ ಐದು ಮಾತ್ರ. ತೆಳುವಾದ ಕಾಗದದ ಮೇಲೆ ಗಾಢವಾಗಿ ಬರೆದು, ಹಾಳೆಯನ್ನು ಬೆನ್ನು ಮಾಡಿ ಹಿಡಿದು ಬೆಳಕಿಗೆ ಒಡ್ಡಿ ನೋಡಿ. ಪೇಂಟರುಗಳು ಹಿಂದೆ ಸ್ಟೆನ್ಸಿಲ್ ತಿರುಗಿಸಿ ಇಟ್ಟು ಮಾಡುತ್ತಿದ್ದದ್ದೂ ಇದನ್ನೇ. ವಾಹನದ ಹಿಂಬದಿಯಲ್ಲಿ ಮತ್ತು ಪಕ್ಕಗಳಲ್ಲಿ ಇದೇ ಹೆಸರು ನೇರವಾಗಿರುತ್ತದೆ. ಅಲ್ಲಿ ಓದುವವರ ಮುಂದೆ ಕನ್ನಡಿ ಇಲ್ಲವಲ್ಲ!

ಈಗ ನಂಬರಿಗೆ ಬರೋಣ. ಮುಂದಿನ ಕಾರಿನವನಿಗೆ ಆ ಆಂಬುಲೆನ್ಸ್‌ನ ನಂಬರಿನಿಂದ ಏನೂ ಆಗಬೇಕಾಗಿಲ್ಲ. ಹಿಂದೆ ಬರುತ್ತಿರುವುದು ಆಂಬುಲೆನ್ಸ್ ಎಂದು ತಿಳಿದರೆ ಸಾಕು, ಪಕ್ಕಕ್ಕೆ ಸರಿಯಬೇಕು. ನಂಬರು ಇರುವುದು ಬೇರೆ ಕಣ್ಣುಗಳಿಗಾಗಿ. ಚೌಕದಲ್ಲಿ ನಿಂತ ಪೊಲೀಸಿನವರಿಗೆ, ಕಂಬದ ಮೇಲಿನ ಕ್ಯಾಮರಾಕ್ಕೆ, ಫುಟ್‌ಪಾತಿನ ಮೇಲಿರುವ ನಿಮಗೆ, ನಮಗೆ. ಇವರಾರೂ ಕನ್ನಡಿಯಲ್ಲಿ ನೋಡುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಪರಿಚಿತ ಪದವನ್ನು ನಾವು ಒಂದೊಂದೇ ಅಕ್ಷರ ಕೂಡಿಸಿ ಓದುವುದಿಲ್ಲ, ನೋಡಿದೊಡನೆ ಗುರುತಿಸಿಬಿಡುತ್ತೇವೆ. ನಂಬರು ಹಾಗಲ್ಲ, ಪ್ರತಿ ಅಂಕಿಯನ್ನೂ ಬೇರೆ ಬೇರೆ ಓದಬೇಕು. ಕ್ಯಾಲ್ಕುಲೇಟರಿನಲ್ಲಿ 2 ಒತ್ತಿ ಕನ್ನಡಿಗೆ ಹಿಡಿಯಿರಿ, ಅದು 5 ಆಗಿ ಕಾಣುತ್ತದೆ. ಒಂದು ಅಂಕಿ ತಪ್ಪಿದರೆ ಗಾಡಿಯೇ ಬೇರೆ, ಯಜಮಾನನೇ ಬೇರೆ.

ಸಂಖ್ಯಾಫಲಕ ಹೀಗೆಯೇ ಇರಬೇಕು ಎಂಬುದನ್ನು ನಮ್ಮ ದೇಶದಲ್ಲಿ ಗೊತ್ತುಮಾಡಿರುವುದು 1988ರ ಮೋಟಾರು ವಾಹನಗಳ ಕಾಯಿದೆ, ಮತ್ತು ಅದರಡಿಯಲ್ಲಿ ರಚಿಸಿದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಅದರಲ್ಲಿ 50 ಮತ್ತು 51ನೇ ನಿಯಮಗಳನ್ನು ಓದಿದರೆ ಬರೆದವರು ಎಷ್ಟು ಜಿಪುಣತನದಿಂದ ಅಳತೆ ಕೊಟ್ಟಿದ್ದಾರೆ ಎಂದು ಬೆರಗಾಗುತ್ತದೆ. ಮುಂದೆ, ಹಿಂದೆ, ಎರಡೂ ಕಡೆ ನಂಬರು ಇರಬೇಕು. ಸಾರಿಗೆ ವಾಹನವಾದರೆ ಎಡ ಬಲ ಪಕ್ಕಗಳಲ್ಲೂ ಬರೆಯಬೇಕು. ಫಲಕ ಸಮತಟ್ಟಾಗಿರಬೇಕು, ನೆಟ್ಟಗೆ ನಿಂತ ಗೆರೆಯಿಂದ 30 ಡಿಗ್ರಿಗಿಂತ ಹೆಚ್ಚು ವಾಲಿರಬಾರದು. ಕಾರು, ವ್ಯಾನು, ಲಾರಿಗಳಲ್ಲಿ ಅಕ್ಷರದ ಎತ್ತರ 65 ಮಿಲಿಮೀಟರ್, ಗೆರೆಯ ದಪ್ಪ 10 ಮಿಲಿಮೀಟರ್, ಅಕ್ಷರಗಳ ನಡುವಿನ ಜಾಗವೂ 10 ಮಿಲಿಮೀಟರ್. ರಾತ್ರಿ ಹಿಂದಿನ ನಂಬರಿನ ಮೇಲೆ ಬಿಳಿಯ ಬೆಳಕು ಬೀಳುವ ದೀಪವಿರಬೇಕು, 15 ಮೀಟರ್ ದೂರದಿಂದ ಅದು ಓದಲು ಸಿಗಬೇಕು.

65 ಮಿಲಿಮೀಟರ್ ಎಂದರೆ ಎಷ್ಟು? ನಿಮ್ಮ ಕೈಬೆರಳಿನ ಉದ್ದಕ್ಕಿಂತ ಕೊಂಚ ಕಡಿಮೆ. ಇಷ್ಟು ಎತ್ತರದ ಅಕ್ಷರ ಎಷ್ಟು ದೂರದವರೆಗೆ ಕಾಣುತ್ತದೆ ಎಂದು ಹೈಸ್ಕೂಲಿನ ಗಣಿತದಲ್ಲೇ ಲೆಕ್ಕ ಹಾಕಬಹುದು. ಕಣ್ಣಿನ ಡಾಕ್ಟರು 6/6 ಎನ್ನುತ್ತಾರಲ್ಲ, ಅಂತಹ ಒಳ್ಳೆಯ ಕಣ್ಣಿಗೆ ಅಕ್ಷರವೊಂದು 5 ಮಿನಿಟಿನಷ್ಟು ಕೋನವನ್ನು ಮಾಡಿದರೆ ಅದನ್ನು ಓದಬಹುದು. ಇಲ್ಲಿ ಮಿನಿಟು ಎಂದರೆ ಗಡಿಯಾರದ್ದಲ್ಲ, ಒಂದು ಡಿಗ್ರಿಯ 60ನೇ ಒಂದು ಭಾಗ. ಆ ಲೆಕ್ಕದಂತೆ 65 ಮಿಲಿಮೀಟರಿನ ಅಕ್ಷರ ಸುಮಾರು 45 ಮೀಟರಿನವರೆಗೆ ಓದಲು ಸಿಕ್ಕೀತು. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಓಡುತ್ತದೆ. ಅಂದರೆ ಆಂಬುಲೆನ್ಸ್ ನಿಮ್ಮನ್ನು ದಾಟಿದ ಕ್ಷಣದಿಂದ ಅದರ ನಂಬರು ಓದಲು ನಿಮಗಿರುವ ಸಮಯ ಮೂರು ಸೆಕೆಂಡು ಕೂಡ ಇಲ್ಲ. ಅದೂ ಹಗಲಿನಲ್ಲಿ, ಧೂಳಿಲ್ಲದಿದ್ದರೆ, ಮಧ್ಯೆ ಬಸ್ಸು ಬಾರದಿದ್ದರೆ. 10 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಅಂತರ ಎಂಬ ಜಿಪುಣತನದ ಅರ್ಥ ಆಗ ತಿಳಿಯುತ್ತದೆ. ಅಕ್ಷರಕ್ಕೆ ಬಾಲ, ಕೊಂಬು ಬರೆಸುವವರು ಈ ಮೂರು ಸೆಕೆಂಡಿನಲ್ಲಿ ಎರಡನ್ನು ತಿಂದುಹಾಕುತ್ತಾರೆ. ಫಲಕದ ಮೇಲೆ ಬೇರೆ ಹೆಸರು, ಚಿತ್ರ ಯಾವುದೂ ಇರಕೂಡದು ಎಂದು ನಿಯಮ ಹೇಳುವುದು ಸುಮ್ಮನೆ ಅಲ್ಲ.

ಆಂಬುಲೆನ್ಸ್‌ಗೆ ಈ ನಿಯಮಗಳಿಂದ ವಿನಾಯಿತಿ ಇಲ್ಲವೇ? ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಅದಕ್ಕೆ ವಿನಾಯಿತಿಗಳು ಇರುವುದೇನೋ ನಿಜ. ಕಾಯಿದೆಯ 66ನೇ ಕಲಮಿನ ಪ್ರಕಾರ ಆಂಬುಲೆನ್ಸ್ ಕೆಲಸಕ್ಕೆಂದೇ ಬಳಸುವ ವಾಹನಕ್ಕೆ, ಬಸ್ಸು ಲಾರಿಗಳಿಗೆ ಬೇಕಾದ ಪರ್ಮಿಟ್ ಬೇಡ. ಬೇರೆ ಗಾಡಿಗಳಿಗೆ ನಿಷಿದ್ಧವಾದ ಬಹುಸ್ವರದ ಹಾರನ್ನನ್ನು ಅದು ಬಳಸಬಹುದು. 2017ರ ಮೇ 1ರಿಂದ ಮಂತ್ರಿಗಳ ಕಾರಿನ ಕೆಂಪು ದೀಪ ಇಳಿಯಿತು, ಆದರೆ ತುರ್ತು ಸೇವೆಯ ವಾಹನಗಳ ಮಿನುಗುವ ದೀಪ ಉಳಿಯಿತು. ದಾರಿ ಬಿಡದವರಿಗೆ 2019ರ ತಿದ್ದುಪಡಿಯಲ್ಲಿ 10,000 ರೂಪಾಯಿಯ ದಂಡ, ಇಲ್ಲವೆ ಆರು ತಿಂಗಳವರೆಗಿನ ಸಜೆ, ಅಥವಾ ಎರಡನ್ನೂ ಇಡಲಾಗಿದೆ. ಇಷ್ಟೆಲ್ಲ ಸವಲತ್ತು ಸರಿ. ನೋಂದಣಿಯಿಂದ, ನಂಬರು ತೋರಿಸುವುದರಿಂದ ಮಾತ್ರ ಬಿಡುಗಡೆ ಇಲ್ಲ. ಇರಲೂಬಾರದು. ಸಿಗ್ನಲ್ ದಾಟುವ ಅಧಿಕಾರ ಯಾರಿಗೆ ಕೊಟ್ಟಿದ್ದೇವೋ ಅವರ ಗುರುತು ಉಳಿದವರ ಗುರುತಿಗಿಂತ ಸ್ಪಷ್ಟವಾಗಿರಬೇಕು. ಸೇನೆಯ ವಾಹನಗಳ ಕ್ರಮ ಬೇರೆ. ಅವುಗಳ ಸಂಖ್ಯೆಯಲ್ಲಿ ಮೇಲ್ಮುಖವಾದ ಬಾಣದ ಗುರುತಿರುತ್ತದೆ, ಸೈನ್ಯದ ಆಂಬುಲೆನ್ಸ್‌ಗೂ ಅಷ್ಟೇ.

ಬೀದಿಯಲ್ಲಿ ಕಾಣುವುದೇ ಬೇರೆ. ಗಾಡಿಯ ಮೈಮೇಲೆ ದಾನ ಕೊಟ್ಟವರ ಹೆಸರು ಒಂದು ಅಡಿ ಎತ್ತರಕ್ಕೆ, ಅವರ ತಂದೆ ತಾಯಿಯರ ಹೆಸರು ಅರ್ಧ ಅಡಿಗೆ, ಮೊಬೈಲ್ ನಂಬರು ಕಣ್ಣಿಗೆ ರಾಚುವಂತೆ. ನೋಂದಣಿ ಸಂಖ್ಯೆ ಮಾತ್ರ ಬಂಪರಿನ ಕಬ್ಬಿಣದ ಸರಳುಗಳ ಹಿಂದೆ, ಆಯುಧಪೂಜೆಯ ಬಾಳೆಕಂದಿನ ಮರೆಯಲ್ಲಿ. ದಾನ ಪುಣ್ಯದ ಕೆಲಸ ನಿಜ, ಆದರೆ ರೋಗಿಗೆ ದಾನಿಯ ಹೆಸರಿಗಿಂತ ಗಾಡಿಯ ಗುರುತು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು. ಚಿಕ್ಕ ಮಕ್ಕಳು ಇನ್ನೊಂದು ಗೊಂದಲ ಮಾಡಿಕೊಳ್ಳುವುದುಂಟು. ಗಾಡಿಯ ಮೇಲೆ ದೊಡ್ಡದಾಗಿ 108 ಎಂದಿದ್ದರೆ ಅದೇ ಅದರ ನಂಬರು ಎಂದು. ಅದು ಕರೆ ಮಾಡುವ ಸಂಖ್ಯೆ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಆ ಸೇವೆ ಶುರುವಾಯಿತು. ರಾಜ್ಯದಲ್ಲಿ ಓಡುವ ಅಂತಹ ಗಾಡಿಗಳ ಮೇಲೆಲ್ಲ 108 ಇರುತ್ತದೆ. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು ಫಲಕದ ಮೇಲಿನ ನೋಂದಣಿ ಸಂಖ್ಯೆ ಒಂದೇ.

ಕನ್ನಡ ಅಂಕಿಗಳ ವಿಷಯವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ವಾರ ಪತ್ರಗಳ ರಾಶಿ ಬೀಳುತ್ತದೆ. ಅಕ್ಷರ ಇಂಗ್ಲಿಷಿನಲ್ಲಿ, ಅಂಕಿ ಅರೇಬಿಕ್ ರೂಪದಲ್ಲಿ ಇರಬೇಕು ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಅರೇಬಿಕ್ ಎಂದು ಕರೆದರೂ ಅವು ಅರಬ್ಬರ ಮೂಲಕ ಯೂರೋಪಿಗೆ ಹೋದ ನಮ್ಮ ದೇಶದವೇ ಅಂಕಿಗಳು! ಕನ್ನಡದ ಅಂಕಿ ನನಗೂ ಇಷ್ಟ. ಗಾಡಿಯ ಮೈಮೇಲೆ ಎಷ್ಟು ಬೇಕಾದರೂ ಕನ್ನಡ ಬರೆಯಲಿ. ಆದರೆ ರೋಗಿಯನ್ನು ಹೊತ್ತು ಸೊಲ್ಲಾಪುರಕ್ಕೋ ವೆಲ್ಲೂರಿಗೋ ಓಡುವ ಗಾಡಿಯ ಫಲಕವನ್ನು ಅಲ್ಲಿನ ಪೊಲೀಸಿನವರೂ ಮೂರು ಸೆಕೆಂಡಿನಲ್ಲಿ ಓದಬೇಕಲ್ಲ.

ಇತ್ತೀಚಿನ ವರ್ಷಗಳಲ್ಲಿ ಪೇಂಟರುಗಳ ಕೈಚಳಕಕ್ಕೆ ಕಡಿವಾಣ ಬಿದ್ದಿದೆ. ಅತಿ ಸುರಕ್ಷಿತ ನೋಂದಣಿ ಫಲಕ ಬೇಕೆಂಬ ನಿಯಮ ಬಂದದ್ದು 2001ರಲ್ಲೇ. ಕೋರ್ಟು ಕಚೇರಿ ಅಲೆದು, ಹೊಸ ವಾಹನಗಳಿಗೆಲ್ಲ ದೇಶದಾದ್ಯಂತ ಕಡ್ಡಾಯವಾಗಲು 2019ರ ಏಪ್ರಿಲ್ 1 ಆಗಬೇಕಾಯಿತು. ಕರ್ನಾಟಕದಲ್ಲಿ ಹಳೆಯ ವಾಹನಗಳಿಗೆ 2023ರಲ್ಲಿ ಆದೇಶ ಹೊರಟು, ಗಡುವು ಮತ್ತೆ ಮತ್ತೆ ಮುಂದೆ ಹೋದದ್ದು ಪಾಲಕರಿಗೆಲ್ಲ ನೆನಪಿದ್ದೀತು. ಅಲ್ಯೂಮಿನಿಯಂ ತಗಡು, ಎಡ ಮೂಲೆಯಲ್ಲಿ 20 ಮಿಲಿಮೀಟರ್ ಚೌಕದ, ಅಶೋಕ ಚಕ್ರವಿರುವ ಹೊಲೊಗ್ರಾಂ, ಲೇಸರ್‌ನಿಂದ ಕೊರೆದ ಗುರುತಿನ ಸಂಖ್ಯೆ, ಬಿಚ್ಚಲು ಹೋದರೆ ಮುರಿದೇ ಹೋಗುವ ಬೀಗ. ಒಂದು ಗಾಡಿಯ ನಂಬರನ್ನು ಇನ್ನೊಂದಕ್ಕೆ ಅಂಟಿಸಿ ಓಡಿಸುವುದು ಮೊದಲಿನಷ್ಟು ಸುಲಭವಲ್ಲ.

ಬಣ್ಣವೂ ಮಾತಾಡುತ್ತದೆ. ಬಿಳಿಯ ಮೇಲೆ ಕಪ್ಪು ಸ್ವಂತ ವಾಹನದ್ದು, ಹಳದಿಯ ಮೇಲೆ ಕಪ್ಪು ಸಾರಿಗೆ ವಾಹನದ್ದು. ವಿದ್ಯುತ್ ವಾಹನಕ್ಕೆ 2018ರಿಂದ ಹಸಿರು ಹಿನ್ನೆಲೆ ಬಂದಿದೆ.

ಇಷ್ಟೆಲ್ಲ ತಿಳಿದು ಆಗಬೇಕಾದ್ದೇನು ಎಂದು ಪಾಲಕರು ಕೇಳಬಹುದು. ಪರಿಚಿತರ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನಡುರಾತ್ರಿ ಅಜ್ಜನಿಗೆ ಎದೆನೋವು. ಮೊದಲು ಹೋದ ನರ್ಸಿಂಗ್ ಹೋಮಿನವರು ಬೇರೆ ಕಡೆಗೆ ಒಯ್ಯಿರಿ ಎಂದರು. ಹೊರಗೆ ನಿಂತಿದ್ದ ಆಂಬುಲೆನ್ಸ್‌ಗಳಲ್ಲಿ ಒಂದನ್ನು ಹತ್ತಿದರು, ಆಸ್ಪತ್ರೆ ಸೇರಿದರು. ಅಜ್ಜ ಬದುಕಿದರು. ಆದರೆ ಹಳೆಯ ಇಸಿಜಿ, ಔಷಧಿಗಳ ಚೀಟಿ ಎಲ್ಲ ಇದ್ದ ಚೀಲ ಗಾಡಿಯಲ್ಲೇ ಉಳಿಯಿತು. ಯಾವ ಮಾತ್ರೆ ಮೈಗೆ ಒಗ್ಗುವುದಿಲ್ಲ ಎಂದು ಡಾಕ್ಟರು ಕೇಳುತ್ತಿದ್ದಾರೆ, ಉತ್ತರ ಆ ಚೀಲದಲ್ಲಿದೆ. ಗಾಡಿ ಯಾವುದು? ಒಬ್ಬರು ಬಿಳಿ ಎಂದರು, ಇನ್ನೊಬ್ಬರು ಕೆನೆಬಣ್ಣ ಎಂದರು, ಮೇಲೆ ದೀಪ ಇತ್ತು ಎಂದರು ಮಗದೊಬ್ಬರು. ಚೀಲ ಸಿಕ್ಕಿದ್ದು ಮರುದಿನ ಸಂಜೆ. ಅಷ್ಟರಲ್ಲಿ ಡಾಕ್ಟರು ಊಹೆಯ ಮೇಲೆಯೇ ಒಂದು ರಾತ್ರಿ, ಒಂದು ಹಗಲು ಚಿಕಿತ್ಸೆ ನಡೆಸಿದ್ದರು.

ಅಂತಹ ಹೊತ್ತಿನಲ್ಲಿ ಹಿರಿಯರಿಗೆ ನಂಬರಿನ ಮೇಲೆ ಗಮನವಿರುವುದಿಲ್ಲ. ಇರಲಿ ಎಂದು ನಿರೀಕ್ಷಿಸುವುದೂ ತಪ್ಪು. ಅಲ್ಲಿ ಹನ್ನೆರಡು ಹದಿಮೂರು ವರ್ಷದ ಹುಡುಗನೋ ಹುಡುಗಿಯೋ ಇರುತ್ತಾರೆ. ಸ್ಟ್ರೆಚರ್ ಎತ್ತಲು ಅವರಿಗೆ ಕಸುವಿಲ್ಲ. ಪಕ್ಕಕ್ಕೆ ನಿಲ್ಲು ಎಂದು ಎಲ್ಲರೂ ಗದರುತ್ತಾರೆ. ಆ ಪಕ್ಕಕ್ಕೆ ನಿಂತ ಮಕ್ಕಳು ಗಾಡಿಯ ಹಿಂದಿನ ಫಲಕ ನೋಡಿ ಅಂಗೈಮೇಲೆ ನಂಬರು ಬರೆದುಕೊಂಡರೆ ಸಾಕು. ಮೊಬೈಲ್ ಕೈಯಲ್ಲಿದ್ದರೆ ಒಂದು ಫೋಟೊ. ಬಾಡಿಗೆಯ ತಕರಾರಿಗೂ, ದಾರಿಯಲ್ಲಿ ಅಪಘಾತವಾದರೆ ವಿಮೆಗೂ ಮೊದಲು ಕೇಳುವುದು ಅದನ್ನೇ.

ಆ ನಂಬರಿನಿಂದ ತಿಳಿಯುವುದು ಇನ್ನೂ ಇದೆ. ಕೇಂದ್ರ ಸರ್ಕಾರದ ಎಂ-ಪರಿವಾಹನ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ನಂಬರು ಹಾಕಿದರೆ ಗಾಡಿ ಯಾವ ವರ್ಗದಲ್ಲಿ ನೋಂದಣಿಯಾಗಿದೆ, ವಿಮೆ ಎಂದಿನವರೆಗೆ, ಯೋಗ್ಯತಾ ಪತ್ರ ಎಂದಿನವರೆಗೆ ಎಂದು ಬರುತ್ತದೆ. ಯೋಗ್ಯತಾ ಪತ್ರವನ್ನು ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಮಾಡಿಸಬೇಕು. ಮೇಲೊಂದು ದೀಪ, ಬಾಗಿಲಿಗೊಂದು ಕೆಂಪು ಶಿಲುಬೆ ಬಳಿದ ಮಾತ್ರಕ್ಕೆ ಹಳೆಯ ವ್ಯಾನು ಆಂಬುಲೆನ್ಸ್ ಆಗುವುದಿಲ್ಲ. ಆ ಕೆಂಪು ಶಿಲುಬೆಯನ್ನು ಸರ್ಕಾರದ ಒಪ್ಪಿಗೆಯಿಲ್ಲದೆ ಬಳಸುವುದೇ 1960ರ ಜಿನೀವಾ ಒಪ್ಪಂದಗಳ ಕಾಯಿದೆಯ ಪ್ರಕಾರ ಅಪರಾಧ! ವಾಹನದ ಸ್ವರೂಪ ಬದಲಿಸಿದರೆ ನೋಂದಣಿ ಪುಸ್ತಕದಲ್ಲಿ ಅದು ನಮೂದಾಗಬೇಕು. ರಸ್ತೆ ಆಂಬುಲೆನ್ಸ್‌ಗಳ ರಚನೆಗೆ ಎಐಎಸ್-125 ಎಂಬ ಮಾನದಂಡವಿದ್ದು ಎ, ಬಿ, ಸಿ, ಡಿ ಎಂದು ನಾಲ್ಕು ಬಗೆ ಮಾಡಿದ್ದಾರೆ. ಪ್ರಾಣಾಪಾಯದ ರೋಗಿಗೆ ಬೇಕಾದ ಸಕಲ ಸಲಕರಣೆಯೂ ಇರಬೇಕಾದ್ದು ಡಿ ಬಗೆಯದರಲ್ಲಿ.

ಸಂಖ್ಯೆಯ ಮೊದಲ ಅಕ್ಷರಗಳು ಊರು ಹೇಳುತ್ತವೆ. ಕೆಎ-19 ಎಂದರೆ ಮಂಗಳೂರು, ಕೆಎ-25 ಧಾರವಾಡ, ಕೆಎಲ್-14 ಗಡಿಯಾಚೆಯ ಕಾಸರಗೋಡು. ಒಂದು ರಾಜ್ಯದ ನೋಂದಣಿ ದೇಶಕ್ಕೆಲ್ಲ ಸಲ್ಲುತ್ತದೆ ಎಂದು ಕಾಯಿದೆಯ 46ನೇ ಕಲಮು ಹೇಳುತ್ತದೆ. ಆದರೂ 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಭಯದಿಂದ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳ ಆಂಬುಲೆನ್ಸ್‌ಗಳು ಅಲ್ಲೇ ನಿಲ್ಲಬೇಕಾಯಿತು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ ಏಪ್ರಿಲ್ 7ರಂದು, ರೋಗಿಗಳನ್ನು ದಾಟಿಸುವ ಕ್ರಮದ ಬಗ್ಗೆ ಎರಡೂ ರಾಜ್ಯಗಳು ಒಪ್ಪಿವೆ ಎಂದು ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ತಿಳಿಸಿತು. ಫಲಕದ ಅಳತೆ, ಬಣ್ಣ, ಅಕ್ಷರ ಎಲ್ಲ ಸರಿಯಾಗಿಯೇ ಇದ್ದ ಗಾಡಿಗಳು ಅವು.