ಚಿಟಿಕೆ ಲೆಕ್ಕದ ತೋಟೆ

ಮಳೆ ಹಿಂದಾಯ್ತು, ಭತ್ತ ಹೊಡೆ ಕಟ್ತಿದೆ, ಹಂದಿ ಇಳಿಯೋಕೆ ಶುರು. ಜೊತೆಗೆ ಖಾಲಿ ತೋಟೆಗೆ ಮನೇಲೇ ಮದ್ದು ತುಂಬೋ ಪಂಡಿತರೂ ಎದ್ದಿದ್ದಾರೆ. ಒಬ್ಬ "ಈಡು ಸರಿಯಾಗಿ ಹಾರ್ತಿಲ್ಲ" ಅಂತಾನೆ, ಇನ್ನೊಬ್ಬ "ಚಿಟಿಕೆ ಜಾಸ್ತಿ ಹಾಕು" ಅಂತಾನೆ. ಈ ಚಿಟಿಕೆ ಮೇಲೇ ನನ್ನ ಜಗಳ.

ಅದು ಕರಿಮದ್ದಿನ ಕಾಲದ ಲೆಕ್ಕ ಮಾರಾಯ್ರೆ. ಕೇಪಿನ ಕೋವಿಗೆ ಅಜ್ಜಂದಿರು ಕೊಳವೆಯಲ್ಲಿ ಅಳೆದು ಸುರೀತಿದ್ರು, ನಡೀತಿತ್ತು. ಈಗಿನ ಹೊಗೆ ಬಾರದ ಮದ್ದು ಬೇರೆ ಜಾತಿ. ಕರಿಮದ್ದಿನ ಅಳತೆಯಲ್ಲೇ ಇದನ್ನು ತುಂಬಿದರೆ ನಳಿಗೆ ತಡೆಯೋದಿಲ್ಲ. ಇದನ್ನು ಗ್ರೈನ್ ಲೆಕ್ಕದಲ್ಲಿ ತೂಗಬೇಕು. ಒಂದು ಗ್ರೈನ್ ಅಂದ್ರೆ ಸುಮಾರು 65 ಮಿಲಿಗ್ರಾಂ. ಅಡಿಕೆ ತೂಗೋ ತಕ್ಕಡಿಗೆ ಅದು ಗೊತ್ತೇ ಆಗಲ್ಲ.

ಕಡಿಮೆ ಆದ್ರೆ ಅಪಾಯ ಇಲ್ಲ ಅಂದ್ಕೊಂಡವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು. ಈಡು "ಪುಸ್" ಅಂದ್ರೆ ಒಳಗಿನ ಬಿರಡೆ ನಳಿಗೆ ನಡುವೆ ಕೂತಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದ್ರೆ ನಳಿಗೆ ಸೀಳುತ್ತೆ, ಎಡಗೈ ಇರೋದು ಅಲ್ಲೇ. ಕೋವಿ ಮಡಚಿ, ತೋಟೆ ತೆಗೆದು, ಹಿಂದಿನಿಂದ ಬೆಳಕು ಕಾಣುತ್ತಾ ನೋಡಿ. (ಕಂಪನಿ ತೋಟೆ ಹಾಕೋರೂ ನೋಡಿ. ಮೂಲೇಲಿ ನಿಲ್ಲಿಸಿದ ಕೋವಿಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುತ್ತೆ.) ಕುದುರೆ ಬಡಿದೂ ಸದ್ದೇ ಬರದಿದ್ರೆ ಆತುರ ಬೇಡ. ಹೊತ್ತಿಕೊಳ್ಳೋದು ತಡ ಆಗಿರಬಹುದು. ಕೋವಿ ಖಾಲಿ ದಿಕ್ಕಿಗೆ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ.

ಇನ್ನು ಉಬ್ಬಿದ ತೋಟೆ. ನಮ್ಮ ಮಳೆಗಾಲದಲ್ಲಿ ಕಾಗದದ ತೋಟೆ ಉಬ್ಬದೆ ಇನ್ನೇನು? ಅದಕ್ಕೆ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸೋದಂತೆ! ಮದ್ದಿಗೆ ಒಲೆ ಕಾವು! ಪ್ಲಾಸ್ಟಿಕ್ ತೋಟೆ ಬಾಯಿ ಸೀಳಿ, ಹಿತ್ತಾಳೆ ಬುಡ ಸಡಿಲ ಆಗಿದ್ರೂ ಮೇಣ ಮೆತ್ತಿ ಹೊಡೀತಾರೆ. ಬುಡ ಸಡಿಲ ಆದ್ರೆ ಬೆಂಕಿ ಬರೋದು ಮುಖಕ್ಕೆ.

ತೋಟೆ ದುಬಾರಿ, ಪೇಟೆ ದೂರ, ಚುನಾವಣೆ ಬಂದ್ರೆ ಕೋವಿ ಠಾಣೆ ಪಾಲು, ಎಲ್ಲಾ ಒಪ್ಪಿದೆ. ಆದರೆ 1959ರ ಆಯುಧ ಕಾಯ್ದೆಯಲ್ಲಿ ಕೋವಿ ಇಟ್ಟುಕೊಳ್ಳೋ ಲೈಸೆನ್ಸು ಬೇರೆ, ಮದ್ದುಗುಂಡು ತಯಾರಿಸೋ ಲೈಸೆನ್ಸು ಬೇರೆ. ಕೈ ಹೋದ ಮೇಲೆ ಕೇಸೂ ನಿಮ್ಮದೇ. ಹಂದಿ ಬೆದರಿಸೋಕೆ ಪಟಾಕಿ ಸಾಕು. ತೋಟೆ ಸಿಗ್ತಿಲ್ಲ ಅನ್ನೋರು ಮುಂದಿನ ಗ್ರಾಮಸಭೆಗೆ ಬನ್ನಿ, ಒಟ್ಟಿಗೇ ಅರ್ಜಿ ಕೊಡೋಣ.