ಊರು ನೋಡೋಣ: ಮೈಸೂರಿನ ನಡುಮಧ್ಯೆ ಒಂದು ದಿನ

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರಿಗೆ ಮೈಸೂರು ಅಂದರೆ ಕೆಲಸ. ದೊಡ್ಡಾಸ್ಪತ್ರೆಗೆ ಹೋಗಬೇಕು, ಮದುವೆಗೆ ಜವಳಿ ತೆಗೆಯಬೇಕು, ಕಾಲೇಜಿನ ಅರ್ಜಿ ತರಬೇಕು. ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆ ಓಡೋಡಿ ಬಂದು ಸೀಟು ಹಿಡಿಯುವುದು. ಮಕ್ಕಳು ಜೊತೆಗೆ ಬಂದರೆ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ. ಅಲ್ಲಿಗೆ ಮೈಸೂರು ನೋಡಿ ಆಯಿತು!

ಮಕ್ಕಳೇ, ಜಪಾನಿನಲ್ಲಿ ಕ್ಯೋಟೊ ಎಂಬ ಹಳೆಯ ಊರಿದೆ. ಕ್ರಿ.ಶ. 794ರಿಂದ 1868ರವರೆಗೆ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಚಕ್ರವರ್ತಿಗಳ ರಾಜಧಾನಿಯಾಗಿತ್ತು. ಅಲ್ಲಿಗೆ ಹೋದವರು ಊರಿನ ನಡುಭಾಗವನ್ನು ಕಾಲ್ನಡಿಗೆಯಲ್ಲೇ ನೋಡುತ್ತಾರೆ. ಚಕ್ರವರ್ತಿಯ ಅರಮನೆ ಇದೆ. 1603ರ ನಿಜೊ ಕೋಟೆ ಇದೆ. ಅದರೊಳಗಿನ ಮರದ ನೆಲದ ಮೇಲೆ ಹೆಜ್ಜೆ ಇಟ್ಟರೆ ಹಲಗೆಯ ಕೆಳಗಿನ ಕಬ್ಬಿಣದ ಕೊಂಡಿಗಳು ಮೊಳೆಗಳಿಗೆ ಉಜ್ಜಿ ಹಕ್ಕಿಯ ಹಾಗೆ ಚಿಲಿಪಿಲಿ ಅನ್ನುತ್ತವೆ. ಕಳ್ಳ ಬಂದರೂ ಗೊತ್ತಾಗಿಬಿಡುತ್ತದೆ ನೋಡಿ! ಅಲ್ಲಿಂದ ಮುಂದೆ ಹೋದರೆ ನಿಶಿಕಿ ಮಾರುಕಟ್ಟೆ. ಸುಮಾರು 400 ಮೀಟರ್ ಉದ್ದದ ಇಕ್ಕಟ್ಟು ಓಣಿ, ಎರಡೂ ಬದಿ ಮೀನು, ಉಪ್ಪಿನಕಾಯಿ, ತರಕಾರಿ. ಅದನ್ನು ಕ್ಯೋಟೊದ ಅಡುಗೆಮನೆ ಎಂದೇ ಕರೆಯುತ್ತಾರೆ.

ಅರಮನೆ, ಹಳೆ ಮಾರುಕಟ್ಟೆ, ನಡೆದು ನೋಡಬಹುದಾದ ಬೀದಿಗಳು. ಇವೆಲ್ಲ ಹುಣಸೂರಿನಿಂದ ಸುಮಾರು 45 ಕಿ.ಮೀ. ದೂರದಲ್ಲೇ ಇವೆಯಲ್ಲ! ಕ್ಯೋಟೊಗೆ ವಿಮಾನ ಬೇಕು, ಇಲ್ಲಿಗೆ ಕೆಂಪು ಬಸ್ಸು ಸಾಕು. ಒಂದು ಭಾನುವಾರ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ ಹೊರಡಿ. ಭಾನುವಾರವೇ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಸಬರ್ಬನ್ ಬಸ್ ನಿಲ್ದಾಣದಲ್ಲಿ ಇಳಿದರೆ ದೊಡ್ಡ ಗಡಿಯಾರಕ್ಕೆ ಹತ್ತು ಹದಿನೈದು ನಿಮಿಷದ ನಡಿಗೆ. ಕೆ.ಆರ್. ನಗರದವರು ರೈಲಿನಲ್ಲಿ ಬಂದರೆ ಇನ್ನೂ ಸ್ವಲ್ಪ ನಡೆಯಬೇಕು, ಆಟೋ ಬೇಡ. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ ಗೋಪುರ ಇದು. ಎತ್ತರ 75 ಅಡಿ. ಕೈಗಡಿಯಾರವೂ ಮೊಬೈಲೂ ಇಲ್ಲದ ಕಾಲದಲ್ಲಿ ಊರಿಗೆಲ್ಲ ಇದೇ ಗಂಟೆ ಹೇಳುತ್ತಿತ್ತು. ಕೆಳಗೆ ನಿಂತು ತಲೆ ಎತ್ತಿ ಅದರ ಅಂಕಿಗಳನ್ನು ಚೆನ್ನಾಗಿ ನೋಡಿಕೊಳ್ಳಿ, ಕೊನೆಗೆ ಒಂದು ಪ್ರಶ್ನೆ ಇದೆ.

ಪಕ್ಕದಲ್ಲೇ ಪುರಭವನ. ಅದಕ್ಕೆ ರಂಗಾಚಾರ್ಲು ಅವರ ಹೆಸರು. ಅವರು ದಿವಾನರಾಗಿದ್ದಾಗ, 1881ರಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ತಾಲ್ಲೂಕುಗಳಿಂದ ಬಂದ ರೈತರು, ವರ್ತಕರು ಸೇರಿ 144 ಜನ. ಬ್ರಿಟಿಷರ ಕಾಲದಲ್ಲಿ ಸರ್ಕಾರದವರು ಹಳ್ಳಿಯವರನ್ನು ಕೂರಿಸಿ ಮಾತು ಕೇಳಿದ್ದು ಸಣ್ಣ ಸಂಗತಿಯಲ್ಲ.

ಅಲ್ಲಿಂದ ಅರಮನೆಯ ಕಡೆ ನಡೆದರೆ ಚಾಮರಾಜ ವೃತ್ತ, ಸ್ವಲ್ಪ ಆಚೆ ಕೆ.ಆರ್. ವೃತ್ತ. ಮೊದಲನೆಯದರಲ್ಲಿ ಅಪ್ಪ, ಎರಡನೆಯದರಲ್ಲಿ ಮಗ. ಹತ್ತನೆಯ ಚಾಮರಾಜ ಒಡೆಯರ್ 1894ರಲ್ಲಿ ತೀರಿಕೊಂಡಾಗ ಮಗ ಕೃಷ್ಣರಾಜನಿಗೆ ಹತ್ತು ವರ್ಷ, ನಿಮ್ಮಷ್ಟೇ. ಅವನು ದೊಡ್ಡವನಾಗುವ ತನಕ ರಾಜ್ಯ ನೋಡಿಕೊಂಡವರು ತಾಯಿ, ಮಹಾರಾಣಿ ಕೆಂಪನಂಜಮ್ಮಣ್ಣಿ. ವೃತ್ತದಲ್ಲಿ ಅವರ ವಿಗ್ರಹ ಇಲ್ಲ, ಆದರೆ ಸಂಜೆ ನೋಡಲಿರುವ ಅರಮನೆ ಅವರು ಕಟ್ಟಲು ಹೇಳಿದ್ದು. ಕೆ.ಆರ್. ನಗರದ ಮಕ್ಕಳೇ, ನಿಮ್ಮ ಊರಿಗೆ ಇಟ್ಟಿರುವುದು ಇದೇ ಕೃಷ್ಣರಾಜರ ಹೆಸರು.

ಕೆ.ಆರ್. ವೃತ್ತ ದಾಟಿದರೆ ಚಿಕ್ಕ ಗಡಿಯಾರ. 1886ರಲ್ಲಿ ವೈಸರಾಯ್ ಡಫರಿನ್ ಬಂದುಹೋದ ನೆನಪಿನದು. ಅದರ ಬೆನ್ನಿಗೇ ದೇವರಾಜ ಮಾರುಕಟ್ಟೆ. ಇಲ್ಲಿ ಅವಸರ ಮಾಡಬೇಡಿ. ಒಳಗೆ ಕಾಲಿಟ್ಟರೆ ಮೊದಲು ಬರುವುದು ವಾಸನೆ. ಮೈಸೂರು ಮಲ್ಲಿಗೆ, ಸೇವಂತಿಗೆ, ಮರುಗ, ಕರ್ಪೂರ, ಊದುಬತ್ತಿ, ಹಣ್ಣಾದ ಬಾಳೆ ಎಲ್ಲ ಸೇರಿದ ವಾಸನೆ. ಮಾರು ಲೆಕ್ಕದಲ್ಲಿ ಹೂವು ಅಳೆಯುವ ಕೈಯನ್ನು ನೋಡಿ, ಟೇಪು ಬೇಕಿಲ್ಲ, ಮೊಳಕೈಯೇ ಅಳತೆ. ಕುಂಕುಮ, ಅರಿಶಿನ, ರಂಗೋಲಿ ಬಣ್ಣಗಳನ್ನು ಗೋಪುರದಂತೆ ರಾಶಿ ಹಾಕಿ ಕೂತಿರುತ್ತಾರೆ. ವೀಳ್ಯದೆಲೆಯ ಕಟ್ಟು, ನಂಜನಗೂಡು ರಸಬಾಳೆ. ರಸಬಾಳೆ ಸಿಕ್ಕರೆ ಬೆಲೆ ನೋಡದೆ ಒಂದೊಂದು ತಿನ್ನಿಸಿ, ಇತ್ತೀಚೆಗೆ ಅದು ಅಪರೂಪ. ನಿಮ್ಮ ಊರಿನ ತರಕಾರಿ, ಕಾಳು ಇಲ್ಲಿಗೆ ಬಂದಿರಲೂಬಹುದು. ಯಾವ ಊರಿನದು ಎಂದು ಅಂಗಡಿಯವರನ್ನು ಕೇಳಿ, ಬೇಸರ ಮಾಡಿಕೊಳ್ಳುವುದಿಲ್ಲ.

ಆದರೆ ಸ್ವಲ್ಪ ಮೇಲೂ ನೋಡಿ. 2016ರ ಆಗಸ್ಟ್‌ನಲ್ಲಿ ಈ ಮಾರುಕಟ್ಟೆಯ ಉತ್ತರದ ಒಂದು ಭಾಗ ಕುಸಿಯಿತು. ಅದಕ್ಕೆ ನಾಲ್ಕು ವರ್ಷ ಮೊದಲು, 2012ರ ಆಗಸ್ಟ್‌ನಲ್ಲಿ, ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಸತ್ತರು. 1892ರ ಕಟ್ಟಡ ಅದು. ಹಳೆ ಪುಸ್ತಕಗಳ ಅಂಗಡಿಗಳಿಗೆ ಹೆಸರಾಗಿತ್ತು. ಎಷ್ಟೋ ಹಳ್ಳಿ ಹುಡುಗರು ಅರ್ಧ ಬೆಲೆಗೆ ಪಠ್ಯಪುಸ್ತಕ ಕೊಂಡದ್ದು ಅಲ್ಲೇ. ಅಂದಿನಿಂದ ದೊಡ್ಡವರ ನಡುವೆ ಜಗಳ. ಎರಡನ್ನೂ ಕೆಡವಿ ಅದೇ ರೂಪದಲ್ಲಿ ಹೊಸದಾಗಿ ಕಟ್ಟಬೇಕು ಎನ್ನುತ್ತಾರೆ ಕೆಲವರು. ಗಾರೆಯ ಗೋಡೆಯನ್ನು ಗಾರೆಯಿಂದಲೇ ರಿಪೇರಿ ಮಾಡಿ ಉಳಿಸಬೇಕು ಎನ್ನುತ್ತಾರೆ ಇನ್ನು ಕೆಲವರು. ವಿಷಯ ಹೈಕೋರ್ಟಿನವರೆಗೂ ಹೋಯಿತು.

ಕ್ಯೋಟೊದಲ್ಲಿ ಏನು ಮಾಡುತ್ತಾರೆ? ಅಲ್ಲಿನ ಚಕ್ರವರ್ತಿಯ ಅರಮನೆ ಮತ್ತೆ ಮತ್ತೆ ಬೆಂಕಿಗೆ ಬಿದ್ದಿದೆ. ಈಗ ನಿಂತಿರುವುದು 1855ರಲ್ಲಿ ಕಟ್ಟಿದ್ದು. ಆದರೆ ಹಳೆಯ ರೀತಿಯಲ್ಲೇ, ಮರದಲ್ಲೇ ಕಟ್ಟಿದರು. ಹಾಗೆ ಕಟ್ಟಬಲ್ಲ ಬಡಗಿಗಳು ಅವರಲ್ಲಿದ್ದರು. 2007ರಲ್ಲಿ ಆ ಊರಿನವರು ಇನ್ನೊಂದು ನಿಯಮ ತಂದರು: ನಡುಪೇಟೆಯಲ್ಲಿ ಹೊಸ ಕಟ್ಟಡ 31 ಮೀಟರಿಗಿಂತ ಎತ್ತರ ಹೋಗುವಂತಿಲ್ಲ, ಮೊದಲು 45 ಮೀಟರ್ ಇತ್ತು. ನನ್ನನ್ನು ಕೇಳಿದರೆ, ಗಾರೆ ಅರೆಯುವ, ಹಳೆ ಇಟ್ಟಿಗೆ ಕೂರಿಸುವ ಕೆಲಸಗಾರರು ಎಲ್ಲಿದ್ದಾರೆ ಎಂದು ಮೊದಲು ಹುಡುಕಬೇಕು. ಅವರಿಲ್ಲದೆ ಕೆಡವಿದರೆ ಹೊಸತು ಬರುತ್ತದೆ, ಹಳೆಯದರ ಹಾಗೆ ಕಾಣುವ ಕಾಂಕ್ರೀಟು. ಆದರೆ ಆ ಸೂರಿನ ಕೆಳಗೆ ದಿನವಿಡೀ ಕೂರುವವರ ಜೀವದ ಭಯವನ್ನೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮನೆಯಲ್ಲಿ ಎಲ್ಲರೂ ಕೂತು ಚರ್ಚೆ ಮಾಡಿ, ಅಜ್ಜಿಯನ್ನೂ ಕೇಳಿ.

ಹಸಿವಾಗಿರುತ್ತದೆ. ಮಾರುಕಟ್ಟೆಯ ಪಕ್ಕದ ಸಯ್ಯಾಜಿರಾವ್ ರಸ್ತೆಯಲ್ಲೇ ಮೈಸೂರು ಪಾಕ್ ತಿನ್ನಿ. ಅದನ್ನು ಮೊದಲು ಮಾಡಿದವರು ಅರಮನೆಯ ಅಡುಗೆಯವರಾದ ಕಾಕಾಸುರ ಮಾದಪ್ಪ ಎಂದು ಹೇಳುತ್ತಾರೆ.

ಮಧ್ಯಾಹ್ನ ಜಗನ್ಮೋಹನ ಅರಮನೆ. 1861ರದು. ಚಿತ್ರಶಾಲೆಯಾದದ್ದು 1915ರಲ್ಲಿ. ರವಿವರ್ಮನ ಚಿತ್ರಗಳಿವೆ. ಆದರೆ ಜನ ಗುಂಪು ಕಟ್ಟುವುದು ದೀಪ ಹಿಡಿದ ಹುಡುಗಿಯ ಮುಂದೆ. ಅದನ್ನೂ ರವಿವರ್ಮನದೇ ಎಂದುಕೊಳ್ಳುವವರು ಬಹಳ. ಬರೆದವರು ಎಸ್.ಎಲ್. ಹಲ್ದಂಕರ್, ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಬೆರಳ ಸಂದಿಯಿಂದ ಬರುವ ಕೆಂಪು ಬೆಳಕನ್ನು ಜಲವರ್ಣದಲ್ಲಿ ತಂದಿದ್ದಾರೆ. ರಾತ್ರಿ ಮನೆಯಲ್ಲಿ ಟಾರ್ಚಿಗೆ ಕೈ ಅಡ್ಡ ಹಿಡಿದು ನೋಡಿ, ಅದೇ ಬಣ್ಣ ಕಾಣುತ್ತದೆ.

ಕೊನೆಗೆ ದೊಡ್ಡ ಅರಮನೆ. ಮೊದಲಿದ್ದ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲಿ ಸುಟ್ಟುಹೋಯಿತು. ಮಹಾರಾಣಿಯವರು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿದರು. ಕ್ಯೋಟೊದವರಂತೆ ಮತ್ತೆ ಮರದಲ್ಲಿ ಕಟ್ಟಲಿಲ್ಲ. ಕಲ್ಲು, ಇಟ್ಟಿಗೆ, ಕಬ್ಬಿಣ ಬಳಸಿದರು. ಮುಗಿದದ್ದು 1912ರಲ್ಲಿ, ಖರ್ಚು 41 ಲಕ್ಷ ರೂಪಾಯಿಗೂ ಮೇಲು. ಕಲ್ಯಾಣ ಮಂಟಪದ ಎರಕದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವು. ಮೇಲೆ ಬಣ್ಣದ ಗಾಜಿನ ನವಿಲುಗಳಿವೆ. ಕತ್ತು ನೋಯುವವರೆಗೂ ನೋಡಿ.

ಚಿನ್ನದ ಅಂಬಾರಿಯ ಮುಂದೆ ನಮ್ಮ ಕಡೆಯವರು ಸ್ವಲ್ಪ ಹೆಚ್ಚೇ ಹೊತ್ತು ನಿಲ್ಲಬೇಕು. ಸುಮಾರು 750 ಕೆ.ಜಿ. ತೂಕದ ಈ ಅಂಬಾರಿಯನ್ನು 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಹೊತ್ತವನು ಎಚ್.ಡಿ. ಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದ ಅರ್ಜುನ. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಆ ಕಾಡಾನೆಯೊಂದಿಗೆ ಕಾದಾಡಿ ಸತ್ತ. ದಸರಾ ಆನೆಗಳ ಗಜಪಯಣ ಹೊರಡುವುದೂ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದಲೇ.

ಈಗ ಭಾನುವಾರದ ಗುಟ್ಟು. ಭಾನುವಾರ ಸಂಜೆ ಏಳು ಗಂಟೆಗೆ ಅರಮನೆಗೆ ದೀಪ ಹಾಕುತ್ತಾರೆ. ಸುಮಾರು ಒಂದು ಲಕ್ಷ ಬಲ್ಬುಗಳು, ಒಂದೇ ಸಲ. ಆ ಕ್ಷಣಕ್ಕೆ ಸರಿಯಾಗಿ ಜನರೆಲ್ಲ ‘ಹೋ’ ಎನ್ನುವುದನ್ನು ಕೇಳಬೇಕು. ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಡೆಯವರು ವಾಪಸ್ ಬಸ್ಸಿನ ಹೊತ್ತನ್ನು ಬೆಳಿಗ್ಗೆ ಇಳಿದಾಗಲೇ ವಿಚಾರಿಸಿಟ್ಟುಕೊಳ್ಳಿ.

ಪ್ರಶ್ನೆ: ದೊಡ್ಡ ಗಡಿಯಾರದ ಅಂಕಿಗಳು ಯಾವ ಲಿಪಿಯಲ್ಲಿವೆ? ಮೊಬೈಲಿನಲ್ಲಿ ಹುಡುಕಬಾರದು, ಕಣ್ಣಾರೆ ನೋಡಿ ಪೋಸ್ಟ್‌ಕಾರ್ಡಿನಲ್ಲಿ ಬರೆದು ಕಳಿಸಿ. ನೋಡಿದಾಗ ಗಂಟೆ ಎಷ್ಟಾಗಿತ್ತು ಅನ್ನುವುದನ್ನೂ ಅದೇ ಲಿಪಿಯಲ್ಲಿ ಬರೆಯಿರಿ.